ಉಕ್ಕಿನ ಬೆರಳಿಗೆ ಎರೆದ ನೀರು

ನನ್ನ ಸೊಸೆ ದಾನೇಶ್ವರಿ ತೀರಿಕೊಂಡಳೆಂದು ತಿಳಿದ ದಿನ, ಅಳುವವರ ಬಾಯಿಗೆ ಹನಿಸಲು ನಮ್ಮ ಮನೆಯಲ್ಲಿ ನೀರಿರಲಿಲ್ಲ. ಊರಿನ ನಲ್ಲಿಗಳೆಲ್ಲ ನಿಂತು ಹೋಗಿದ್ದವು. ಲಿಂಗಕ್ಕೆ ಮಜ್ಜನ ಮಾಡಿಸುವುದಕ್ಕೂ ಗತಿಯಿಲ್ಲದೆ, ಒಣ ವಿಭೂತಿಯನ್ನಷ್ಟೇ ಧರಿಸಿ ನಾನು ಪೂಜೆಗೆ ಕುಳಿತಿದ್ದೆ. ಪಕ್ಕದ ಮನೆಯ ಬಾಗವ್ವ ಓಡಿ ಬಂದು ತಲೆಬಾಗಿಲಿನಲ್ಲಿ ನಿಂತಳು.

"ಅಕ್ಕೋರ, ಏಳ್ರಿ. ಕಂಬದ ಹತ್ರ ನಿಮ್ಮ ಸೊಸೀನ ಹೊಡದ್ರು."

"ಹೊಡದ್ರಂದ್ರ? ಎಲ್ಲಿ ಬಡದೈತಿ ಆಕಿಗೆ?"

ಬಾಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಎಲ್ಲಿ ಅಂತ ಹೇಳ್ಲಿ ಯವ್ವಾ. ಜೀವ ಹೋಗೈತಿ."

ಹೊಳೆಯ ದಂಡೆಯವರೆಗೆ ನಾನು ಹೇಗೆ ಹೋದೆನೋ ತಿಳಿಯದು. ಕಂಬದ ಬುಡದಲ್ಲಿ ಒಂದು ಏಣಿ ಮುರಿದು ಬಿದ್ದಿತ್ತು. ಅದರ ಮೇಲೆ ನನ್ನ ಸೊಸೆ ಬೋರಲಾಗಿ ಬಿದ್ದಿದ್ದಳು. ಅವಳ ತಲೆಯ ಹಿಂಭಾಗ ಒಡೆದಿತ್ತು. ಬಲಗೈಯ ಬೆರಳುಗಳನ್ನು ಯಾರೋ ಕಲ್ಲಿನಿಂದ ಜಜ್ಜಿದ್ದರು. ಅದು ಅವಳು ಸತ್ತ ಮೇಲೆ ಮಾಡಿದ ಕೆಲಸವೋ, ಮೊದಲೇ ಮಾಡಿದ್ದೋ, ಕೇಳುವ ಧೈರ್ಯ ನನಗೆ ಬರಲಿಲ್ಲ. ನನ್ನ ಮಗ ಚನಬಸು ಕಾರ್ಖಾನೆಯಿಂದ ಓಡಿ ಬಂದು, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಅವನ ಅಂಗಿ ತೊಯ್ದಿತ್ತು. ಆ ವಾರ ನಮ್ಮೂರಿನಲ್ಲಿ ಒದ್ದೆಯಾದ ಬಟ್ಟೆ ಅದೊಂದೇ.

ಸುತ್ತ ನಿಂತವರೆಲ್ಲ ನನ್ನ ಶಾಲೆಯಲ್ಲಿ ಅಕ್ಷರ ಕಲಿತವರು. ಅದಕ್ಕೇ ಊರು ನನ್ನನ್ನು ಅಕ್ಕೋರು ಎನ್ನುತ್ತದೆ. ಯಾರೂ ನನ್ನ ಮುಖ ನೋಡಲಿಲ್ಲ. ಊರ ಗೌಡನೂ ಸಕ್ಕರೆ ಕಾರ್ಖಾನೆಯ ಅಧ್ಯಕ್ಷನೂ ಆದ ಪರಗೌಡ ಮಾತ್ರ ಮುಂದೆ ಬಂದ.

"ತಪ್ಪು ಆತ್ರಿ ಅಕ್ಕೋರ, ಜೀವ ತಗಿಯಬಾರದಿತ್ತು. ಆದ್ರ ನಿಮ್ಮ ಸೊಸಿ ಹಾಡಾಹಗಲಿ ಏಣಿ ಹಚ್ಚಿ ಕಂಬದ ಗಡಿಗಿ ಕಿತ್ತಾಕ ಹೋಗಿದ್ಲು. ಮಂದಿ ತಡಕೋತಾರೇನು?"

"ಯಾಕ ಕೀಳಾಕ ಹೋಗಿದ್ಲು, ಕೇಳಿದ್ರೇನು?"

"ಕೇಳೂದೇನೈತ್ರಿ? ತವರಿನ ಕಡೆ ತಕ್ಕಡಿ ಎಳದಾಕಿ." ಅವನು ದನಿ ಇಳಿಸಿದ. "ನಮ್ಮೂರ ಮಣ್ಣಾಗ ಆಕಿಗೆ ಜಾಗ ಇಲ್ಲಂತ ಮಂದಿ ಅನ್ನಾಕತ್ತಾರ. ತಳಗಟ್ಟಿಗೆ ಒಯ್ರಿ. ಆಕಿ ಊರಾಗ ಇಟಗೊಳ್ಳಿ."

ಈ ಮಾತು ಅರ್ಥವಾಗಬೇಕಾದರೆ ಆ ಕಂಬದ ವಿಷಯ ಹೇಳಬೇಕು.

ನಾನು ಹರೆಯದಲ್ಲಿದ್ದಾಗ ಈ ಹೊಳೆಗಾಗಿ ಊರೂರು ಬಡಿದಾಡಿದವು. ಮೇಲಿನ ಊರಿನವರು ಹೊಲಸು ನೀರು ಬಿಟ್ಟರೆಂದು ಕೆಳಗಿನವರು ಬಂದು ಬಣವೆಗೆ ಬೆಂಕಿ ಹಚ್ಚುವರು. ಇವರು ಹೋಗಿ ಅವರ ಎತ್ತುಗಳ ಕಾಲು ಕಡಿಯುವರು. ನನ್ನ ಯಜಮಾನರು ಅಂಥದೇ ಒಂದು ಹೊಡೆದಾಟದಲ್ಲಿ ಕೊಡಲಿ ಏಟು ತಿಂದು ಹೋದರು. ಕಚೇರಿಗೆ ದೂರು ಕೊಟ್ಟರೆ ಅಲ್ಲಿ ಲಂಚ ಕೊಟ್ಟವನದೇ ನ್ಯಾಯ. ಕೊನೆಗೆ ಸರಕಾರ ನ್ಯಾಯವನ್ನು ಮನುಷ್ಯರ ಕೈಯಿಂದಲೇ ತೆಗೆದುಬಿಟ್ಟಿತು. ಪ್ರತಿ ಊರಿನ ಚರಂಡಿ ಹೊಳೆಗೆ ಸೇರುವಲ್ಲಿ ಒಂದು ಕಂಬ ನಿಲ್ಲಿಸಿತು. ಜನ ಅದನ್ನು ನ್ಯಾಯಗಂಬ ಎಂದರು.

ಕಂಬಕ್ಕೆ ಎರಡು ಬೆರಳು. ಗಾಜಿನ ಬೆರಳು ಚರಂಡಿಯ ನೀರಿನೊಳಗೆ ಇಳಿದು ಅದರ ಪಿಎಚ್ ನೋಡುತ್ತದೆ, ಎಂದರೆ ನೀರು ಹುಳಿಯೋ ಸುಣ್ಣದಂತೆ ಕ್ಷಾರವೋ ಎಂಬುದನ್ನು. ಏಳು ಎಂದರೆ ಎರಡೂ ಅಲ್ಲ. ಆರಕ್ಕಿಂತ ಇಳಿಯಬಾರದು, ಒಂಬತ್ತನ್ನು ಮೀರಬಾರದು. ಉಕ್ಕಿನ ಬೆರಳು ನೀರಿನ ಬಿಸಿ ಎಷ್ಟೆಂದು ಹೇಳುತ್ತದೆ. ಅದು ನೀರಿನೊಳಗಿಲ್ಲ. ಒಳಗಿಟ್ಟರೆ ಕಸ ಸುತ್ತಿಕೊಳ್ಳುತ್ತದೆಂದು ಅದನ್ನು ಚರಂಡಿಯ ಕೊಳವೆಯ ಹೊರಮೈಗೆ ಬಿಗಿದಿದ್ದರು. ಗೆರೆ ಮೀರಿದರೆ ಆ ಊರಿನ ಕುಡಿಯುವ ನೀರಿನ ವಾಲ್ವ್ ತಾನಾಗಿ ಮುಚ್ಚುತ್ತದೆ. ಆ ಊರಿನ ಪಾಲಿನ ನೀರು ಕೆಳಗಿನ ಊರಿಗೆ ಹರಿಯುತ್ತದೆ. ಅಂಕಿ ಗೆರೆಯೊಳಗೆ ಬಂದು ಅರ್ಧ ತಾಸು ನಿಂತರೆ ಮಾತ್ರ ತೆರೆಯುತ್ತದೆ. ನಡುವೆ ಯಾರ ಕೈಯೂ ಇಲ್ಲ, ಅಪೀಲೂ ಇಲ್ಲ.

ಆಮೇಲೆ ಹೊಡೆದಾಟ ನಿಂತಿತು. ಜನ ಕಂಬವನ್ನು ಮುಟ್ಟಿ ಆಣೆ ಮಾಡತೊಡಗಿದರು. ಹೊಸ ಮದುಮಕ್ಕಳು ಬಂದು ಕಾಯಿ ಒಡೆದರು. ಲಂಚ ತಿನ್ನದವನೇ ದೇವರು ಎಂದು ನಮ್ಮ ಜನ ತಿಳಿದರೆ ಅದರಲ್ಲಿ ಆಶ್ಚರ್ಯವೇನಿದೆ?

ಗಾಜಿನ ಬೆರಳು ದಿನ ಕಳೆದಂತೆ ಮಂದವಾಗುತ್ತದೆ. ತಿಂಗಳಿಗೊಮ್ಮೆ ಅದನ್ನು ತಿದ್ದಿ ಸರಿಮಾಡಬೇಕು. ಅದು ದಾನೇಶ್ವರಿಯ ನೌಕರಿ. ಕೆಂಪು, ಹಳದಿ, ನೀಲಿ ಬಣ್ಣದ ಮಾದರಿ ನೀರಿನ ಬಾಟಲಿಗಳು ಅವಳ ಚೀಲದಲ್ಲಿರುತ್ತಿದ್ದವು. ಕೆಂಪು ನಾಲ್ಕು, ಹಳದಿ ಏಳು, ನೀಲಿ ಹತ್ತು. ಬೆರಳನ್ನು ಅವುಗಳಲ್ಲಿ ಅದ್ದಿ, ಅದು ಅಷ್ಟೇ ಹೇಳುವಂತೆ ಮಾಡಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಅವಳು ನನ್ನ ಒಲೆಯ ಮೇಲೆ ಬಿಸಿನೀರಿನ ಪಾತ್ರೆ ಇಟ್ಟು, ಅದರಲ್ಲಿ ಬಾಟಲಿಗಳನ್ನು ನಿಲ್ಲಿಸಿದ್ದಳು.

"ಏನವ್ವಾ ಇದು? ರೊಟ್ಟಿ ಬಡಿಯೋ ಹೊತ್ತಿನಾಗ ಬಣ್ಣದ ನೀರು ಕುದಸ್ತಿ?" ಎಂದೆ.

"ಕುದಸೂದಲ್ರಿ ಅತ್ತಿ, ಬೆಚ್ಚಗ ಮಾಡಾಕತ್ತೀನಿ. ನಿಮ್ಮೂರ ಕಾರ್ಖಾನಿ ನೀರು ಬಿಸಿ ಐತಿ. ಬಿಸಿಯಾಗ ಕೆಲಸ ಮಾಡೋ ಬೆರಳನ್ನ ಬಿಸಿಯಾಗ ತಿದ್ದಬೇಕು. ನೀಲಿ ನೀರು ಬಿಸಿ ಆದ್ರ ಹತ್ತು ಇರೂದಿಲ್ಲ, ಇಳೀತೈತಿ. ಎಷ್ಟು ಇಳೀತೈತಿ ಅಂತ ಬಾಟ್ಲಿ ಮ್ಯಾಲೆ ಬರದಿರ್ತೈತಿ. ಮಂದಿ ಓದೂದಿಲ್ಲ."

"ನಮ್ಮೂರು ಅನ್ನಬೇಕು. ಈಗ ನಿಂದೂ ಹೌದಲ್ಲ."

"ಹಂಗಾರ ನಮ್ಮೂರ ಕಾರ್ಖಾನಿ ನಾರತೈತ್ರಿ," ಎಂದು ನಕ್ಕಳು. "ನೀವು ಹಂಚು ಕಾದೈತೇನಂತ ನೀರು ಚಿಮುಕಿಸಿ ನೋಡೂದಿಲ್ಲೇನು? ಕಾಯದ ಹಂಚಿಗೆ ರೊಟ್ಟಿ ಹಾಕಿ, ಹಿಟ್ಟು ಸುಮಾರೈತಿ ಅಂತ ಬೈದ್ರ ಹೆಂಗ?"

ನಾನು ಆ ದಿನದಿಂದ ಒಲೆಯ ಒಂದು ಬದಿ ಅವಳಿಗೆ ಬಿಟ್ಟುಕೊಟ್ಟೆ.

ಈ ವರ್ಷ ಶಿವರಾತ್ರಿ ಮುಗಿದದ್ದೇ ತಡ, ಬಿಸಿಲು ಬೆಂಕಿಯಾಯಿತು. ಕಾರ್ಖಾನೆ ಇನ್ನೂ ಕಬ್ಬು ಅರೆಯುತ್ತಿತ್ತು. ಒಂದು ಮಧ್ಯಾಹ್ನ ಕಂಬದ ಹಲಗೆಯ ಮೇಲೆ ಕೆಂಪು ಅಂಕಿ ಹತ್ತಿತು: ಒಂಬತ್ತು ಬಿಂದು ಒಂದು. ನಲ್ಲಿಗಳು ನಿಂತವು. ಕಾರ್ಖಾನೆಯವರು ತಮ್ಮ ಉಪಕರಣದಲ್ಲಿ ನೋಡಿದರು: ಎಂಟು ಬಿಂದು ಒಂಬತ್ತು. ಕಬ್ಬಿನ ರಸ ತಿಳಿಗೊಳಿಸಲು ಹಾಕುವ ಸುಣ್ಣವನ್ನು ಒಂದಿಷ್ಟು ಇಳಿಸಿದ್ದರೆ ಅಂದೇ ನೀರು ಬರುತ್ತಿತ್ತು. ಪರಗೌಡ ಒಪ್ಪಲಿಲ್ಲ. "ನಾವು ಗೆರಿ ಒಳಗ ಅದೀವಿ. ಇಳಿಸಿದ್ರ ತಪ್ಪು ಒಪ್ಪಿಕೊಂಡಂಗ ಆಗತೈತಿ. ತಳಗಟ್ಟಿಯವರು ಹೆಂಗಸರ ಮುಂದ ಆಡ್ಕೊಂಡು ನಗತಾರ," ಎಂದ. ಊರೂ ಹೌದೆಂದಿತು. ಬಾಯಾರಿ ಸತ್ತರೂ ಸರಿ, ತಲೆ ತಗ್ಗಿಸುವುದಿಲ್ಲ ಎಂಬುದು ನಮ್ಮ ಊರಿನ ಗುಣ.

ಟ್ಯಾಂಕರಿನಿಂದ ತಲೆಗೊಂದು ತಂಬಿಗೆ ನೀರು ಸಿಕ್ಕರೆ ಅದೇ ಹೆಚ್ಚು. ಮೊದಲು ಎಮ್ಮೆಗಳು ಹಾಲು ಬತ್ತಿಸಿದವು. ಆಮೇಲೆ ಒಂದು ಕೊಡ ನೀರಿಗಾಗಿ ಅಣ್ಣ ತಮ್ಮನ ಕಿವಿ ಕತ್ತರಿಸಿದ. ಹೊಳೆಗೆ ನೇರ ಇಳಿದವರನ್ನು ತಳಗಟ್ಟಿಯವರು ಕವಣೆ ಬೀಸಿ ಓಡಿಸಿದರು, ಒಬ್ಬನ ಕಣ್ಣು ಹೋಯಿತು. ಕಂಬ ಸುಳ್ಳು ಹೇಳುವುದಿಲ್ಲ, ಕಾರ್ಖಾನೆಯೂ ಸುಳ್ಳು ಹೇಳುವುದಿಲ್ಲ ಎಂದ ಮೇಲೆ ಸುಳ್ಳು ಯಾರದು? ಕಂಬವನ್ನು ತಿದ್ದುವವಳದು. ಅವಳು ಹುಟ್ಟಿದ ಊರು ತಳಗಟ್ಟಿ. ನಮ್ಮ ಪಾಲಿನ ನೀರು ಹೋಗುತ್ತಿದ್ದದ್ದು ಅಲ್ಲಿಗೇ. ರಾತ್ರಿ ನಮ್ಮ ಮನೆಯ ಚಾವಣಿಯ ಹಂಚಿನ ಮೇಲೆ ಕಲ್ಲು ಬೀಳತೊಡಗಿದವು. ದಾನೇಶ್ವರಿ ಎರಡು ಸಲ ಗಾಜಿನ ಬೆರಳನ್ನು ತೆಗೆದು, ತನ್ನ ಕೈಯಂತ್ರಕ್ಕೆ ಜೋಡಿಸಿ, ಬಿಸಿ ಮಾದರಿಯಲ್ಲಿ ಅದ್ದಿ ನೋಡಿದಳು. ಬೆರಳು ಸರಿಯಿತ್ತು. ಮೂರನೆಯ ಸಲ ಅವಳು ಏಣಿ ತೆಗೆದುಕೊಂಡು ಹೋದಳು.

ಕಂಬದ ತೋಳಿಗೆ ನೇತುಬಿದ್ದ ಆ ಗಡಿಗೆಯನ್ನು ಕಟ್ಟಿದವನು ಅಡಿವೆಪ್ಪ. ಹಿಂದೆ ಈಶ್ವರ ಗುಡಿಯಲ್ಲಿ ಕಸ ಹೊಡೆಯುತ್ತಿದ್ದ ಮುದುಕ, ಹಿಂದೆ ಮುಂದೆ ಯಾರೂ ಇಲ್ಲ. ಬೇಸಿಗೆಯಲ್ಲಿ ಲಿಂಗದ ಮೇಲೆ ತೂತಿನ ಗಡಿಗೆ ಕಟ್ಟಿ ಹನಿ ಹನಿಯಾಗಿ ತಂಪು ಎರೆಯುವುದು ನಮ್ಮಲ್ಲಿಯ ರೂಢಿ. ಈ ಸಲ ಅವನು ನ್ಯಾಯಗಂಬಕ್ಕೂ ಒಂದು ಕಟ್ಟಿದ್ದ. ಬಿಸಿಲಿನಲ್ಲಿ ಒಂಟಿಯಾಗಿ ನಿಂತ ಕಂಬಕ್ಕೆ ಉರಿಯಾಗಬಾರದೆಂದು. ಊರು ಮೆಚ್ಚಿತ್ತು.

ಹೆಣವನ್ನು ಮನೆಗೆ ತಂದೆವು. ಸಂಜೆಯೊಳಗೆ ಮಣ್ಣು ಮಾಡಬೇಕು. ಅದಕ್ಕೆ ಮೊದಲು ಮೈ ತೊಳೆಯಬೇಕು. ರಕ್ತ ಒಣಗಿ ಕೂದಲು ಹಗ್ಗದಂತಾಗಿತ್ತು. ತೊಳೆಯಲು ನೀರಿಲ್ಲ, ಹೂಳಲು ನೆಲವಿಲ್ಲ. ಚನಬಸು ಗೋಡೆಗೆ ಒರಗಿ ಕುಳಿತಿದ್ದ, ಒಂದು ಮಾತೂ ಆಡಲಿಲ್ಲ. ಅವಳ ಮೇಲಿನ ಕಳಂಕ ಹೋಗಬೇಕು, ಅವಳು ತೊಳೆದ ಮೈಯಲ್ಲಿ ನಮ್ಮೂರ ಮಣ್ಣಿಗೆ ಇಳಿಯಬೇಕು. ಇದಿಷ್ಟೇ ನನ್ನ ತಲೆಯಲ್ಲಿತ್ತು. ನಾನು ಕಾಲುವೆಯ ಏರಿಯ ಮೇಲಿರುವ ನಿಯಂತ್ರಣ ಕೋಣೆಗೆ ನಡೆದೆ.

ಅಲ್ಲಿಯ ಕಾವಲಿನ ಅಧಿಕಾರಿ ದಸ್ತಗೀರಸಾಬ ಒಳಗಿನಿಂದ ಚಿಲಕ ಹಾಕಿಕೊಂಡಿದ್ದ. ನನ್ನ ದನಿ ಕೇಳಿ ತೆರೆದ. ಕಣ್ಣು ಊದಿದ್ದವು.

"ಸಾಬಾ, ವಾಲ್ವ್ ತಗೀಪಾ. ಹೆಣದ ಮೈ ತೊಳೀಬೇಕು. ಎರಡು ಕೊಡ ಬಂದ್ರ ಸಾಕು."

"ಅಕ್ಕೋರ, ನನ್ನ ಕೈಯಾಗ ಏನೈತ್ರಿ? ಒತ್ತಿ ತಗಿಯೋ ಗುಂಡಿನ ಇಟ್ಟಿಲ್ಲ ಇಲ್ಲಿ. ಬರೇ ನೋಡೂದು ನನ್ನ ಕೆಲಸ."

"ಹಂಗಾರ ಏನು ನೋಡ್ದಿ? ಅದನ್ನರ ಹೇಳು."

ಅವನು ಪರದೆಯ ಮುಂದೆ ನನ್ನನ್ನು ಕೂರಿಸಿದ. ಅದರ ಮೇಲೆ ಎರಡು ಗೆರೆಗಳಿದ್ದವು. ನೀಲಿಯದು ಪಿಎಚ್, ಕೆಂಪಿನದು ಬಿಸಿ.

"ಮುಂಜಾನೆ ದಾನವ್ವ ಇಲ್ಲೇ ಕುಂತು ಇದನ್ನ ನೋಡಿದ್ರು. ಈ ಕೆಂಪು ಗೆರಿ ನೋಡ್ರಿ. ಕಾರ್ಖಾನಿ ನೀರು ಬಿಟ್ಟಾಗ ಇದು ಅರವತ್ತಕ್ಕ ಏರಬೇಕು. ಶಿವರಾತ್ರಿ ತನಕ ಏರೇತಿ. ಆಮ್ಯಾಲೆ ಇಪ್ಪತ್ತಾರರಾಗ ಮಲಕೊಂಡೈತಿ. ಅವ್ರು ನಕ್ಕು, 'ನಡು ಮಧ್ಯಾಹ್ನ ನಮ್ಮೂರಾಗ ಮಂಜು ಬಿದ್ದೈತೇನ್ರಿ ಸಾಬ?' ಅಂದ್ರು. ನಕ್ಕವರು ಗಪ್ಪಾದ್ರು. 'ಗಡಿಗಿ' ಅಂದ್ರು. ಎದ್ದು ಹೋದ್ರು."

"ಗಡಿಗಿಯಿಂದ ಏನಾಗತೈತಿ?"

"ಬಿಸಿ ನೀರಾಗ ಗಾಜಿನ ಬೆರಳು ಜೋರು ಕೂಗತೈತ್ರಿ. ಅದ ನೀರು, ಅದ ಸುಣ್ಣ, ಆದ್ರ ಕೂಗು ಜಾಸ್ತಿ. ಎಷ್ಟು ಬಿಸಿ ಅಂತ ಉಕ್ಕಿನ ಬೆರಳು ಹೇಳಿದ್ರ, ಯಂತ್ರ ಆ ಹೆಚ್ಚಿನ ಕೂಗು ಕಳದು ಲೆಕ್ಕ ಹಾಕತೈತಿ. ಅಡಿವೆಪ್ಪ ಉಕ್ಕಿನ ಬೆರಳಿಗೆ ಅರಿವಿ ಸುತ್ತ್ಯಾನ. ಗಡಿಗಿ ಹನಿ ಅದರ ಮ್ಯಾಲ ಬೀಳತಾವು. ನೀರು ತಂಪೈತಿ ಅಂತ ಯಂತ್ರ ನಂಬೇತಿ. ಕಳೀಲೇ ಇಲ್ಲ. ಎಂಟು ಬಿಂದು ಒಂಬತ್ತು ಇದ್ದದ್ದು ಒಂಬತ್ತು ಬಿಂದು ಒಂದಾಗಿ ಕಾಣತೈತಿ. ಇಷ್ಟ."

ಇಷ್ಟೇ. ಎರಡು ಕೂದಲಿನಷ್ಟು ಅಂತರ.

"ನೀ ಯಾಕ ಆಕಿ ಸಂಗಾಟ ಹೋಗಲಿಲ್ಲ?"

ಅವನು ನೆಲ ನೋಡಿದ. "ಅಂಜಿಕಿ ಬಂತ್ರಿ. ಕಂಬದ ಗಡಿಗಿಗೆ ನಾ ಕೈ ಹಚ್ಚಿದ್ರ ನನ್ನ ಮನೀಗೇ ಬೆಂಕಿ ಹಚ್ಚತಿದ್ರು."

"ಈಗ ಬಾ. ಕೈ ಹಚ್ಚಬ್ಯಾಡ. ಬಾಯಿಂದ ಹೇಳು, ಸಾಕು."

ಊರೆಲ್ಲ ಕಂಬದ ಹತ್ತಿರವೇ ಇತ್ತು. ಮರಳಿನ ಮೇಲೆ ರಕ್ತ ಕಪ್ಪಾಗಿತ್ತು. ತಳಗಟ್ಟಿಯಿಂದ ಅವಳ ಅಣ್ಣಂದಿರು ಬರುತ್ತಾರೆಂದು ಗಂಡಸರು ಕುಡುಗೋಲು, ಕಬ್ಬಿಣದ ಸಲಾಕೆ ಹಿಡಿದು ನಿಂತಿದ್ದರು. ಪೊಲೀಸರ ಗಾಡಿ ಸೇತುವೆಯ ಆಚೆಯೇ ನಿಂತಿತ್ತು. ಚನಬಸು ನನ್ನ ಹಿಂದೆಯೇ ಬಂದಿದ್ದ. ದಸ್ತಗೀರಸಾಬ ನನಗೆ ಹೇಳಿದ್ದನ್ನೇ ಅವರಿಗೂ ಹೇಳಿದ.

"ಗಂಗಿ ಎರದ್ರ ದೇವರು ಮುನೀತಾನೇನೋ ಸಾಬಾ?" ಎಂದು ಒಬ್ಬ ಕೂಗಿದ. "ನೀನೂ ತಳಗಟ್ಟಿ ಉಪ್ಪು ತಿಂದೀ!" ಎಂದ ಇನ್ನೊಬ್ಬ. ಒಂದು ಕಲ್ಲು ಬಂದು ಸಾಬನ ಹಣೆಗೆ ತಾಗಿತು. ಅವನು ಕುಸಿದು ಕುಳಿತ.

ನಾನು ಗುಂಪಿನಲ್ಲಿ ಅಡಿವೆಪ್ಪನನ್ನು ಹುಡುಕಿದೆ. ಅವನು ಕಂಬದ ನೆರಳಿನಲ್ಲಿ ಮೊಳಕಾಲು ಮಡಚಿ ಕುಳಿತಿದ್ದ. ತುಟಿ ಒಡೆದು ಸೀಳಿತ್ತು, ನಾಲಗೆ ದಪ್ಪವಾಗಿತ್ತು.

"ಅಡಿವೆಪ್ಪಾ, ನೀ ಕಟ್ಟಿದ ಗಡಿಗಿ. ನೀ ಬಿಚ್ಚಿದ್ರ ಯಾರೂ ಏನೂ ಅನ್ನೂದಿಲ್ಲ. ಅರ್ಧ ತಾಸು ಬಿಚ್ಚಿ ಕೈಯಾಗ ಹಿಡಕೋ. ಆಮ್ಯಾಲೆ ಬೇಕಾದ್ರ ಮತ್ತ ಕಟ್ಟು."

"ಅಕ್ಕೋರು ಹೇಳಿದ ಮ್ಯಾಲೆ ಆತ್ರಿ," ಎಂದ. ಎರಡನೆಯ ಮಾತಿಲ್ಲ. ಮುರಿದ ಏಣಿಯನ್ನು ನೆಟ್ಟಗೆ ಮಾಡಿ ಇಬ್ಬರು ಹಿಡಿದರು. ಅವನು ಹತ್ತಿ ಗಡಿಗೆ ಬಿಚ್ಚಿಕೊಂಡ, ಇಳಿಯುವಾಗ ಕೊಳವೆಗೆ ಸುತ್ತಿದ ಒದ್ದೆ ಅರಿವೆಯನ್ನೂ ಬಿಚ್ಚಿದ.

ಹಲಗೆಯ ಮೇಲೆ ಅಂಕಿ ಅಲುಗಿತು. ಒಂಬತ್ತು ಬಿಂದು ಒಂದು ಹೋಗಿ ಬರಿಯ ಒಂಬತ್ತಾಯಿತು. ಆಮೇಲೆ ಎಂಟು ಬಿಂದು ಒಂಬತ್ತು. ಕೆಂಪು ಬಣ್ಣ ಹೋಗಿ ಹಸಿರಾಯಿತು. ಬಹಳ ಹೊತ್ತು ಅದು ಅಲ್ಲಿಯೇ ನಿಂತಿತು. ಆಮೇಲೆ ನೆಲದೊಳಗೆ ಕೊಳವೆ ಗುಡುಗಿತು. ಊರಿನ ಕಡೆಯಿಂದ ಹೆಂಗಸರ ಕೂಗು ಕೇಳಿಸಿತು: "ನೀರು! ನೀರು ಬಂತು!"

ಹುಡುಗರು ಓಡಿದರು. ಗಂಡಸರು ಓಡಲಿಲ್ಲ. ಒಬ್ಬೊಬ್ಬರಾಗಿ ಮರಳಿನ ಮೇಲಿನ ಆ ಕಪ್ಪು ಗುರುತನ್ನು ನೋಡಿದರು. ನನ್ನ ಸೊಸೆ ನಿರಪರಾಧಿಯೆಂದು ಅವರಿಗೆಲ್ಲ ಒಮ್ಮೆಲೇ ಗೊತ್ತಾಯಿತು. ನಾನು ಕೈ ಮುಗಿದು ಶಿವನನ್ನು ನೆನೆದೆ. ಸತ್ಯ ತಿಳಿದ ಮೇಲೆ ಮನುಷ್ಯ ಶಾಂತನಾಗುತ್ತಾನೆಂದು ನಾನು ನಂಬಿದ್ದೆ. ಮೂವತ್ತು ವರ್ಷ ಮಕ್ಕಳಿಗೆ ಅದನ್ನೇ ಕಲಿಸಿದ್ದೆ.

"ಹಂಗಾರ ಇದೆಲ್ಲಾ ಈ ಮುದುಕನಿಂದ," ಎಂದು ಒಂದು ದನಿ ಹೇಳಿತು. ಪರಗೌಡನದು. "ಈ ಹುಚ್ಚ ಮುದುಕನ ಗಡಿಗಿಯಿಂದ ಊರು ಬಾಯಾರಿ ಬಿತ್ತು. ಇವನಿಂದ ಒಂದು ಹೆಣ್ಣುಮಗಳ ಜೀವ ಹೋತು."

ಅಡಿವೆಪ್ಪ ಗಡಿಗೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದ. ಅವನಿಗೆ ಏನೂ ತಿಳಿದಿರಲಿಲ್ಲ.

"ನಾ ಊರ ನೀರು ಮುಟ್ಟಿಲ್ರೀ ಗೌಡ್ರ," ಎಂದ. "ಟ್ಯಾಂಕರದ್ದು ನನ್ನ ಪಾಲಿಗೆ ಬಂದ ತಂಬಗಿ ನೀರನ್ನ ಇದಕ್ಕ ಹಾಕೀನಿ. ನಾ ಕುಡದಿಲ್ಲ. ಬೇಕಾರ ನನ್ನ ಬಾಯಿ ನೋಡ್ರಿ."

ಬಾಯಿ ತೆರೆದು ತೋರಿಸಿದ.

ಮೊದಲ ಕಲ್ಲು ನನ್ನ ಪಕ್ಕದಿಂದ ಹೋಯಿತು. ತಿರುಗಿ ನೋಡಿದೆ. ಅದು ಚನಬಸುವಿನ ಕೈ. ಕಲ್ಲು ಮುದುಕನ ಕಪಾಳಕ್ಕೆ ಬಡಿಯಿತು, ಗಡಿಗೆ ಬಿದ್ದು ಒಡೆಯಿತು. ಆಮೇಲೆ ಎಲ್ಲರೂ ಎಸೆದರು. ಮುಂಜಾನೆ ನನ್ನ ಸೊಸೆಯನ್ನು ಹೊಡೆದವರೇ ಎಲ್ಲರಿಗಿಂತ ಮುಂದಿದ್ದರು. ಆ ಕೈಗಳನ್ನು ತೊಳೆದುಕೊಳ್ಳಲು ಅವರಿಗೆ ಬೇರೆ ದಾರಿ ತಿಳಿಯಲಿಲ್ಲವೋ ಏನೋ. ನಾನು ಮುದುಕನ ಮೇಲೆ ಬೀಳಲು ಹೋದೆ. ಯಾರೋ ನನ್ನ ಸೆರಗು ಹಿಡಿದು ಹಿಂದಕ್ಕೆ ಎಳೆದರು. "ನಿಲ್ರೋ! ನಿಮ್ಮ ಅಕ್ಕೋರು ಹೇಳಾಕತ್ತೀನಿ, ನಿಲ್ರೋ!" ಎಂದು ಕೂಗಿದೆ. ಸಲಾಕೆಗಳು ಏಳುತ್ತಿದ್ದವು, ಇಳಿಯುತ್ತಿದ್ದವು. ಅಡಿವೆಪ್ಪ ಕೂಗಲೂ ಇಲ್ಲ. ಕೂಗುವಷ್ಟು ಅವನ ಗಂಟಲಿನಲ್ಲಿ ಪಸೆ ಇರಲಿಲ್ಲ.

ಮುಗಿದ ಮೇಲೆ ನನ್ನ ಮಗ ಹೊಳೆಯ ಅಂಚಿನಲ್ಲಿ ಕುಳಿತು ತನ್ನ ಅಂಗೈಗಳನ್ನು ನೋಡುತ್ತಿದ್ದ.

"ಯವ್ವಾ," ಎಂದ. ಆ ದಿನ ಅವನ ಬಾಯಿಂದ ಬಂದ ಮೊದಲ ಮಾತು. "ಯವ್ವಾ, ಏನರ ಅನ್ನು."

ಆಗ ಸೇತುವೆ ದಾಟಿ ಪೊಲೀಸರು ಬಂದರು. ಅವನು ತಾನೇ ಎದ್ದು ಅವರ ಕಡೆ ನಡೆದ.

ದಾನೇಶ್ವರಿಯ ಮೈಯನ್ನು ನಾನೂ ಬಾಗವ್ವನೂ ತೊಳೆದೆವು. ನಲ್ಲಿಯಲ್ಲಿ ನೀರು ಧೋ ಎಂದು ಸುರಿಯುತ್ತಿತ್ತು. ಕೂದಲಿನಿಂದ ರಕ್ತ ಬಿಡಲು ಐದಾರು ಕೊಡ ಹಿಡಿಯಿತು. ಜಜ್ಜಿದ ಬೆರಳುಗಳನ್ನು ಒಂದೊಂದಾಗಿ ಒರೆಸಿ ವಿಭೂತಿ ಹಚ್ಚಿದೆ. ಆಮೇಲೆ ಅಡಿವೆಪ್ಪನನ್ನೂ ನಮ್ಮ ಪಡಸಾಲೆಗೇ ತರಿಸಿದೆ. ಅವನಿಗೆ ತೊಳೆಯುವವರು ಇರಲಿಲ್ಲ. ಒಡೆದ ತುಟಿಗಳ ನಡುವೆ ಒಂದು ಚಮಚ ನೀರು ಬಿಟ್ಟೆ. ಅದು ಹೊರಗೇ ಹರಿದು ಬಂತು.

ಸೂರ್ಯ ಮುಳುಗುವ ಮೊದಲು ಪರಗೌಡ ಬಂದು ಅಂಗಳದಲ್ಲಿ ನಿಂತ. "ನಮ್ಮ ಹೊಲದಾಗ ಛಲೋ ಜಾಗ ಕೊಡತೀನ್ರಿ ಅಕ್ಕೋರ. ಸಮಾಧಿ ನಾನ ಕಟ್ಟಸ್ತೀನಿ," ಎಂದ.

"ನಿನ್ನ ಹೊಲ ಬ್ಯಾಡ. ಊರ ಮಣ್ಣು ಎಲ್ಲಾರದು. ಅಲ್ಲಿ ಎರಡು ಗುಂಡಿ ತಗಸು," ಎಂದೆ.

ತಳಗಟ್ಟಿಯ ಅವಳ ಅಣ್ಣಂದಿರು ಕೊಡಲಿ ಹಿಡಿದೇ ಬಂದರು. ತಂಗಿಯ ಮುಖ ನೋಡಿದರು, ಪಕ್ಕದಲ್ಲಿ ಮಲಗಿಸಿದ ಮುದುಕನನ್ನೂ ನೋಡಿದರು. ಇವನ್ಯಾರೆಂದು ಕೇಳಿದರು. ಹೇಳಿದೆ. ಹಿರಿಯವನು ಕೊಡಲಿಯನ್ನು ಗೋಡೆಗೆ ಒರಗಿಸಿ, ತಂಗಿಯನ್ನು ಎತ್ತಲು ಭುಜ ಕೊಟ್ಟ. ಆ ಕೊಡಲಿಗಳು ಮರುದಿನ ಏನು ಮಾಡುತ್ತವೆಂದು ನಾನು ಕೇಳಲಿಲ್ಲ.

ಇಬ್ಬರನ್ನೂ ಕೂರಿಸಿ, ಮುಖ ಬಡಗಣಕ್ಕೆ ಮಾಡಿ, ಮಣ್ಣು ಎಳೆದೆವು. ಎಲ್ಲರೂ ಹೋದ ಮೇಲೂ ನಾನು ಕೈಯಲ್ಲಿ ಲಿಂಗವನ್ನು ಹಿಡಿದು ಅಲ್ಲಿಯೇ ಕುಳಿತೆ.

ತಂದೆಯೇ, ಮಹಾದೇವನೇ, ನನ್ನ ಸೊಸೆ ದಾನೇಶ್ವರಿ ಯಾರಿಗೂ ಕೇಡು ಬಗೆಯಲಿಲ್ಲ. ಅವಳನ್ನು ನಿನ್ನಲ್ಲಿ ಸೇರಿಸಿಕೋ. ಅಡಿವೆಪ್ಪ ತನ್ನ ಬಾಯಿಯ ನೀರನ್ನು ನಿನಗೆಂದು ಎರೆದವನು. ಎರೆದದ್ದು ಎಲ್ಲಿ ಬಿತ್ತೆಂದು ಅವನನ್ನು ಕೇಳಬೇಡ. ಅವನನ್ನೂ ಬರಮಾಡಿಕೋ. ಈ ಊರಿನ ಕಲ್ಲು, ಕೂಗು ಅವರ ಕಿವಿಗೆ ಇನ್ನು ಬೀಳದಿರಲಿ. ಇಬ್ಬರ ಆತ್ಮಕ್ಕೂ ಶಾಂತಿ ಕೊಡು, ಶಿವನೇ, ಇಬ್ಬರಿಗೂ ಶಾಂತಿ ಕೊಡು.